ಮೂವತ್ತರಲ್ಲಿ ಉಳಿದ ಹದಿಮೂರು ಗುಂಡು

ಕಳೆದ ವಾರ ನಮ್ಮ ಲ್ಯಾಬಿನಲ್ಲಿ ಒಬ್ಬರ ಹುಟ್ಟುಹಬ್ಬವಿತ್ತು. ಇಲ್ಲಿಯ ಡಚ್ಚರ ರೂಢಿಯಂತೆ ಹುಟ್ಟುಹಬ್ಬದವರೇ ಕೇಕು ತಂದಿದ್ದರು. ನಾವೆಲ್ಲ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತು, ಅವರಿಗಷ್ಟೇ ಅಲ್ಲದೆ ಅಕ್ಕಪಕ್ಕದವರಿಗೂ ಶುಭಾಶಯ ಹೇಳಿ ಕೈಕುಲುಕಿದೆವು. ಮೇಣದಬತ್ತಿ ಊದಿದ ಮೇಲೆ ಅದರ ಹೊಗೆ ಮೇಜಿನ ಉದ್ದಕ್ಕೂ ಹರಿದು ನಾನು ಕೂತಲ್ಲಿಗೆ ಬಂತು. ಎಲ್ಲರೂ ಕೇಕಿನ ಕಡೆ ನೋಡುತ್ತಿದ್ದರು. ನಾನು ಮಾತ್ರ ಬಾಡ್‌ಹೂವೆಡಾರ್ಪ್‌ನ ಒಂದು ಶೆಡ್ಡಿನಲ್ಲಿ, ಕರಗಿದ ಸೀಸದ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದೆ.

ಕರಗಿದ ಸೀಸಕ್ಕೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಅದರ ಕೊಳೆಯನ್ನು ಮೇಲಕ್ಕೆ ತರಲು ಹಾಕುವ ಮೇಣದ ಚೂರಿಗೆ ಇದೆ. ಎರಡು ವರ್ಷದ ಹಿಂದಿನ ಆ ಒಂದು ವರ್ಷ ನನ್ನ ಕೂದಲು, ಸ್ವೆಟರ್, ಬೆನ್ನಿನ ಚೀಲ ಎಲ್ಲವೂ ಆರಿದ ಮೇಣದಬತ್ತಿಯ ಹಾಗೆ ನಾರುತ್ತಿದ್ದವು.

ಸಂಜೆ ವೂರ್‌ಬರ್ಗ್‌ನ ನನ್ನ ಕೋಣೆಗೆ ಬಂದು ಆ ವರ್ಷದ ನೀಲಿ ರಟ್ಟಿನ ಡೈರಿ ತೆಗೆದೆ. ಡೈರಿಯಲ್ಲಿ ಮನಸ್ಸು ತೋಡಿಕೊಳ್ಳುವ ಅಭ್ಯಾಸ ನನಗಿಲ್ಲ. ದಿನಾಂಕ, ಏನು, ಎಷ್ಟು, ಅಷ್ಟೆ. ನದಿಯ ಹೂಳನ್ನು ಒಣಗಿಸಿ ತೂಗುವುದು ನನ್ನ ಸಂಶೋಧನೆಯ ಕೆಲಸ, ದಿನಕ್ಕೆ ನಲವತ್ತು ಬಟ್ಟಲು. ಕೈ ಅದಕ್ಕೇ ಒಗ್ಗಿಹೋಗಿದೆ. ಆದರೂ ಆ ಡೈರಿಯ ಮೊದಲ ಪುಟದಲ್ಲಿ, ಅಂಕಿಯೇ ಇಲ್ಲದ ಒಂದು ಸಾಲು ಇದೆ: ‘ಪ್ರಶಾಂತಣ್ಣನಿಗೆ ಇದು ವಾಪಸ್ ಸಿಗಬೇಕು.’

ಪ್ರಶಾಂತಣ್ಣ ಮೈಸೂರಿನವರು. ಆಮರ್ಸ್‌ಫೋರ್ಟ್‌ನಲ್ಲಿ ಐಟಿ ಕೆಲಸ, ಹೆಂಡತಿ, ಇಬ್ಬರು ಮಕ್ಕಳು. ನಾನು ಗೋಣಿಕೊಪ್ಪದವಳು, ಹೆಸರು ದೇಚಮ್ಮ ಎಂದು ಗೊತ್ತಾದ ದಿನವೇ ಅವರು, “ಕೂರ್ಗ್ ಹುಡುಗಿ ಅಂದ್ಮೇಲೆ ಕೋವಿ ಹಿಡೀದೆ ಇರೋಕಾಗುತ್ತಾ? ಬಾ, ನಮ್ಮ ಕ್ಲಬ್ಬಿಗೆ ಸೇರಿಸ್ತೀನಿ” ಎಂದಿದ್ದರು. ಸೇರಿಸಿದರು ಕೂಡ. ನಡತೆ ಪ್ರಮಾಣಪತ್ರದ ಡಚ್ ಅರ್ಜಿಯನ್ನು ಅವರೇ ಕೂತು ತುಂಬಿಸಿದರು. ಅಭ್ಯಾಸ ಮುಗಿದ ಭಾನುವಾರಗಳಲ್ಲಿ ಕಾರಿನಲ್ಲಿ ಸ್ಟೇಷನ್‌ವರೆಗೆ ಬಿಡುತ್ತಿದ್ದರು. ಇದನ್ನೆಲ್ಲ ಬರೆಯಲೇಬೇಕು, ಯಾಕೆಂದರೆ ಲೆಕ್ಕದಲ್ಲಿ ಒಂದು ಕಡೆಯದನ್ನು ಮಾತ್ರ ಬರೆದರೆ ಅದು ಲೆಕ್ಕವಲ್ಲ.

ಆ ಕ್ಲಬ್ಬಿನಲ್ಲಿ ಹಳೇ ಕಾಲದ ಕೇಪಿನ ಕೋವಿಗಳದೇ ಒಂದು ವಿಭಾಗವಿತ್ತು. ಮದ್ದನ್ನು ಅಳೆದು ನಳಿಗೆಯ ಬಾಯಿಗೆ ಸುರಿದು, ಎಣ್ಣೆ ಹಚ್ಚಿದ ಬಟ್ಟೆಯ ತುಂಡಿನಲ್ಲಿ ಸೀಸದ ದುಂಡನೆಯ ಗುಂಡನ್ನು ಇಟ್ಟು, ಕಡ್ಡಿಯಿಂದ ಜಡಿದು ಹೊಡೆಯಬೇಕು. ಒಂದು ಗುಂಡಿಗೆ ಎರಡು ನಿಮಿಷ. ಅವ್ವ ಊರಿನಲ್ಲಿ ಕೋವಿ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದನ್ನು ನೋಡಿ ಬೆಳೆದವಳು ನಾನು. ಆದರೆ ಮನೆಯದು ತೋಟಾ ಕೋವಿ. ಕೈಯಿಂದ ಮದ್ದು ತುಂಬುವುದನ್ನು ಕಲಿತದ್ದು ಈ ದೇಶದಲ್ಲಿಯೇ.

ಪ್ರತಿ ಅಕ್ಟೋಬರಿನಲ್ಲಿ ಅಲ್ಲೊಂದು ಸ್ಪರ್ಧೆ. ಹದಿಮೂರು ಗುಂಡು, ಅವುಗಳಲ್ಲಿ ಒಳ್ಳೆಯ ಹತ್ತು ಲೆಕ್ಕಕ್ಕೆ, ನೂರಕ್ಕೆ ಅಂಕ. ಸೇರಿ ಐದು ವರ್ಷ ಆಗದವರಲ್ಲಿ ಗೆದ್ದವರಿಗೆ ಒಂದು ವರ್ಷ ಕ್ಲಬ್ಬಿನ ತಂಡದಲ್ಲಿ ಜಾಗ. ಜಾಗ ಒಂದೇ. ನಾನು ಅಂಗಡಿಯಲ್ಲಿ ಕೊಳ್ಳುತ್ತಿದ್ದ ಗುಂಡು ಮುಗಿದುಹೋಗಿತ್ತು. ಪ್ರಶಾಂತಣ್ಣನ ಕೋವಿಯದೂ ಕ್ಲಬ್ಬಿನಿಂದ ನನಗೆ ಕೊಟ್ಟಿದ್ದ ಕೋವಿಯದೂ ಒಂದೇ ಅಳತೆ. ಅವರ ಮನೆಯಲ್ಲಿ ದುಬಾರಿ ವಿದ್ಯುತ್ ಕುಲುಮೆ ಇತ್ತು, ಗುಂಡನ್ನು ತಾವೇ ಎರಕ ಹೊಯ್ಯುತ್ತಿದ್ದರು. “ತಗೋಮ್ಮ, ಮೂವತ್ತಿದೆ, ಸಾಕಲ್ವಾ?” ಎಂದು ಒಂದು ತಗಡಿನ ಡಬ್ಬಿ ಕೊಟ್ಟರು. ನಾನು ಎರಡು ಸಲ ಥ್ಯಾಂಕ್ಸ್ ಹೇಳಿದೆ.

ಅಕ್ಟೋಬರ್ ೧೫. ಪರೀಕ್ಷೆಗೆ ನಾಲ್ಕು, ಸ್ಪರ್ಧೆಗೆ ಹದಿಮೂರು. ಒಂದು ಎಡಕ್ಕೆ ಹೋಯಿತು, ಒಂದು ಕೆಳಕ್ಕೆ, ಎರಡು ಕಾಗದಕ್ಕೇ ತಾಗಲಿಲ್ಲ. ನಳಿಗೆ ಒರೆಸಿದೆ. ಮದ್ದಿನ ಅಳತೆ ಬದಲಿಸಿದೆ. ಉಸಿರು ಬದಲಿಸಿದೆ. ಕೊನೆಗೆ ನನ್ನ ಕಣ್ಣಿನ ಮೇಲೆಯೇ ನನಗೆ ಅನುಮಾನ ಬಂತು. ನನ್ನ ಅಂಕ ೩೮, ಅವರದು ೭೪. ತಂಡದ ಜಾಗ ಅವರಿಗೆ ಹೋಯಿತು. “ಫಸ್ಟ್ ಮ್ಯಾಚ್ ಅಲ್ವಾ, ಟೆನ್ಷನ್” ಎಂದು ಅವರು ಬೆನ್ನು ತಟ್ಟಿದರು. ಮೂರು ವಾರ ನಾನು ಕೋವಿ ಮುಟ್ಟಲಿಲ್ಲ. ಕಣ್ಣಿನ ಪರೀಕ್ಷೆಗೂ ಹೋಗಿಬಂದೆ. ಕಣ್ಣು ಸರಿಯಾಗಿತ್ತು.

ನವೆಂಬರಿನಲ್ಲಿ ಆಮರ್ಸ್‌ಫೋರ್ಟ್‌ನ ಒಂದು ಸಭಾಭವನದಲ್ಲಿ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡಿದೆವು. ನಾನು ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ಬಡಿಸುವ ಪಾಳಿಯಲ್ಲಿದ್ದೆ. ಅಡುಗೆಮನೆಗೂ ಹಾಲಿಗೂ ನಡುವೆ ಒಂದು ಬಡಿಸುವ ಕಿಟಕಿ. ಅದರ ಆಚೆ, ಗೋಡೆಗೆ ಒರಗಿ, ಪ್ರಶಾಂತಣ್ಣ ಮತ್ತು ಅವರ ಗೆಳೆಯರೊಬ್ಬರು ಮಾತಾಡುತ್ತಿದ್ದರು.

“ಅಲ್ಲಾ ಗುರೂ, ಆ ಕೂರ್ಗ್ ಹುಡುಗಿ ದೊಡ್ಡ ಶೂಟರ್ ಅಂತಿದ್ದೆ? ಹಲಗೇಗೂ ತಾಗಿಸಲಿಲ್ವಂತೆ?”

“ಅಯ್ಯೋ, ಗುಂಡು ಕೊಟ್ಟಿದ್ದೇ ನಾನು ಕಣೋ!” ಪ್ರಶಾಂತಣ್ಣ ನಕ್ಕರು. “ವಾಪಸ್ ಕರಗಿಸೋಕೆ ಅಂತ ಎತ್ತಿಟ್ಟಿದ್ದ ರಿಜೆಕ್ಟ್ ಡಬ್ಬಿ. ಒಳಗೆಲ್ಲ ಟೊಳ್ಳು. ಅವಳಿಗೆ ಗೊತ್ತೇ ಆಗ್ಲಿಲ್ಲ.”

“ಛೇ, ಪಾಪ ಕಣೋ.”

“ಏನ್ ಪಾಪ? ಇರೋದೊಂದು ಸೀಟು. ಮೂರು ವರ್ಷದಿಂದ ಕಾಯ್ತಿದೀನಿ ನಾನು, ಅವಳು ನಿನ್ನೆ ಮೊನ್ನೆ ಬಂದವಳು. ಬ್ಲಡ್ಡಲ್ಲೇ ಇದೆ ಅಂತಾರಲ್ಲಪ್ಪ ಇವ್ರು, ಬ್ಲಡ್ಡಲ್ಲಿದ್ರೆ ಯಾವ ಗುಂಡಲ್ಲಾದ್ರೂ ಹೊಡೀಬೇಕು!”

ಒಂದು ನಿಮಿಷದ ಮೇಲೆ ಅವರು ತಟ್ಟೆ ಹಿಡಿದು ಕಿಟಕಿಗೆ ಬಂದರು. ಒಳಗೆ ನಾನಿದ್ದದ್ದು ಅವರಿಗೆ ಆಗಷ್ಟೇ ಕಂಡದ್ದು. “ಓ, ದೇಚು! ಇನ್ನೊಂದು ಸೌಟು ಹಾಕಮ್ಮ, ಸಕತ್ತಾಗಿದೆ.”

ಹಾಕಿದೆ. ಮೇಲೆ ತುಪ್ಪವನ್ನೂ ಹಾಕಿದೆ.

ಅಂದು ಸಂಜೆ ಕೋಣೆಗೆ ಬಂದು ಆ ಡಬ್ಬಿ ತೆಗೆದೆ. ಮೂವತ್ತರಲ್ಲಿ ಹದಿನೇಳು ಹೋಗಿತ್ತು, ಹದಿಮೂರು ಉಳಿದಿತ್ತು. ಆಭರಣ ತೂಗುವ ಪುಟ್ಟ ತಕ್ಕಡಿಯೊಂದು ನನ್ನಲ್ಲಿತ್ತು. ಆ ಅಳತೆಯ ಅಪ್ಪಟ ಸೀಸದ ಗುಂಡು ಹನ್ನೊಂದೂವರೆ ಗ್ರಾಂ ತೂಗಬೇಕು. ಅವುಗಳಲ್ಲಿ ಎರಡು ಮಾತ್ರ ಅಷ್ಟು ತೂಗಿದವು. ಉಳಿದವು ಒಂದೊಂದು ಒಂದೊಂದು ತೂಕ. ಅತಿ ಹಗುರದ್ದು ಹತ್ತು ಮುಕ್ಕಾಲು. ನನ್ನ ಕಣ್ಣಿನ ತಪ್ಪಲ್ಲ, ಉಸಿರಿನ ತಪ್ಪಲ್ಲ. ಹದಿಮೂರು ತೂಕಗಳನ್ನೂ ಒಂದರ ಕೆಳಗೊಂದು ಬರೆದೆ, ಖಾಲಿ ಬಿಟ್ಟಿದ್ದ ಮೊದಲ ಪುಟದಲ್ಲಿ ಆ ಅಂಕಿಯಿಲ್ಲದ ಸಾಲನ್ನೂ. ಗುಂಡುಗಳನ್ನು ಎಸೆಯಲಿಲ್ಲ. ಯಾಕೆ ಇಟ್ಟುಕೊಳ್ಳುತ್ತಿದ್ದೇನೆ ಎಂದು ಆಗ ನನಗೇ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಒಂದೇ. ಇನ್ನು ಮುಂದೆ ನನ್ನ ಕೋವಿಗೆ ಬೀಳುವ ಗುಂಡು ನನ್ನ ಕೈಯದೇ ಆಗಿರಬೇಕು, ಮುಂದಿನ ಅಕ್ಟೋಬರಿನಲ್ಲಿ ಆ ಜಾಗ ನನ್ನದಾಗಬೇಕು.

ವಿದ್ಯಾರ್ಥಿ ವೇತನದಲ್ಲಿ ವಿದ್ಯುತ್ ಕುಲುಮೆ ಕನಸಿನ ಮಾತು. ಕ್ಲಬ್ಬಿನಲ್ಲಿ ವಿಲೆಮ್ ಎಂಬ ಎಪ್ಪತ್ತೊಂದು ವರ್ಷದವರಿದ್ದರು. ನಲವತ್ತು ವರ್ಷ ಮನೆಗಳ ಚಾವಣಿಗೆ ಸೀಸದ ತಗಡು ಹಾಕಿದವರು. ಇಲ್ಲಿ ಅಷ್ಟು ಹಿರಿಯರನ್ನೂ ಬರೀ ಹೆಸರು ಹಿಡಿದು ಕರೆಯಬೇಕು, ಅದಕ್ಕೆ ನನ್ನ ನಾಲಿಗೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕಾದವು. ಎರಕ ಕಲಿಸುತ್ತೀರಾ ಎಂದು ಕೇಳಿದೆ.

“ಯಾಕೆ? ಕೊಳ್ಳುವುದು ದುಬಾರಿ ಅಂತಲಾ?” ಎಂದರು ಅವರು, ಅರ್ಧ ಡಚ್ಚಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ.

“ಅದೂ ಹೌದು. ಒಬ್ಬರನ್ನು ಸೋಲಿಸಬೇಕು.”

“ಖೂಟ್,” ಎಂದರು. ಒಳ್ಳೆಯದು ಎಂದು. “ಬರೀ ದುಡ್ಡು ಉಳಿಸಲು ಬರುವವರು ಎರಡನೇ ವಾರಕ್ಕೇ ಬಿಡುತ್ತಾರೆ.”

ಅವರ ಮನೆ ಬಾಡ್‌ಹೂವೆಡಾರ್ಪ್‌ನಲ್ಲಿ, ವಿಮಾನಗಳು ಹೆಂಚು ಸವರಿಕೊಂಡು ಹೋಗುತ್ತವೆಯೋ ಎನ್ನುವಂತಿರುವ ಒಂದು ಬೀದಿಯಲ್ಲಿ. ಹಿತ್ತಿಲಲ್ಲಿ ಶೆಡ್ಡು. ಬಾಗಿಲು, ಕಿಟಕಿ ತೆರೆದೇ ಇರಬೇಕು, ಹೊರಗೆ ಎಂಥ ಚಳಿಯೇ ಇರಲಿ. ನಾನು ಕ್ರಿಂಗ್‌ಲೋಪ್ ಎಂಬ ಹಳೇ ಸಾಮಾನಿನ ಅಂಗಡಿಗಳನ್ನು ಮೂರು ಶನಿವಾರ ಸುತ್ತಿ ಸಾಮಾನು ಕೂಡಿಸಿದೆ: ಎರಕದ ಕಬ್ಬಿಣದ ಒಂದು ಪುಟ್ಟ ಪಾತ್ರೆ, ಉದ್ದ ಹಿಡಿಯ ಸೌಟು, ವೆಲ್ಡಿಂಗಿನವರ ಚರ್ಮದ ಕೈಗವಸು, ಒಂದು ಚೀಲ ಅರ್ಧ ಉರಿದ ಮೇಣದಬತ್ತಿ. ಕನ್ನಡಕ ಲ್ಯಾಬಿನದು. ಗ್ಯಾಸ್ ಒಲೆ ವಿಲೆಮ್ ಅವರ ಕ್ಯಾಂಪಿಂಗಿನದು. ಅಚ್ಚು ಮಾತ್ರ ಹಳೆಯದೇ ಆದರೂ ಒಳ್ಳೆಯದನ್ನು ಕೊಂಡೆ. ಒಂದು ಸಲಕ್ಕೆ ಒಂದೇ ಗುಂಡಿನದು. ಪಾತ್ರೆಗೂ ಸೌಟಿಗೂ ವಿಲೆಮ್ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದರು, ಇನ್ನೆಂದೂ ಯಾರೂ ಅವುಗಳಲ್ಲಿ ಅಡುಗೆ ಮಾಡಬಾರದೆಂದು. ಶೆಡ್ಡಿನಲ್ಲಿ ತಿನ್ನುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ಹೊರಬಂದರೆ ಮೊದಲು ಮೊಣಕೈವರೆಗೆ ಸೋಪು.

ಸೀಸ ಅವರ ಹಳೇ ಕೆಲಸದ ಚೂರುಪಾರು, ಚಾವಣಿಯ ತಗಡು. ಜನವರಿ ೭ರಂದು ಒಂದಿಷ್ಟನ್ನು ಅವರ ಹಿತ್ತಿಲ ಮೂಲೆಯಿಂದ ಎತ್ತಿ ತಂದು, ಸೀದಾ ಪಾತ್ರೆಗೆ ಹಾಕಲು ಹೋದೆ. ವಿಲೆಮ್ ನನ್ನ ಮಣಿಕಟ್ಟು ಹಿಡಿದರು. ತಮ್ಮ ಕಾಲರ್ ಸರಿಸಿ ಕುತ್ತಿಗೆ ತೋರಿಸಿದರು. ಕಿವಿಯ ಕೆಳಗಿನಿಂದ ಭುಜದವರೆಗೆ ಹೊಳೆಯುವ ಸುಟ್ಟ ಕಲೆ.

“ತಗಡಿನ ಮಡಿಕೆಯಲ್ಲಿ ಒಂದು ಹನಿ ಮಳೆನೀರು,” ಎಂದರು. “ಒಂದೇ ಹನಿ. ಕರಗಿದ ಸೀಸದೊಳಗೆ ಹೋದರೆ ಪಾತ್ರೆ ಪೂರಾ ಮೇಲಕ್ಕೆ ಹಾರುತ್ತದೆ. ರುಸ್ತಿಖ್, ಮೆಯ್ಶೆ. ನಿಧಾನ, ಮಗು.”

ಮಳೆ ನಿಲ್ಲದ ದೇಶ. ಆರು ಕಿಲೋ ಸೀಸವನ್ನು ಬೆನ್ನಿನ ಚೀಲದಲ್ಲಿ ಹೊತ್ತು ರೈಲಿನಲ್ಲಿ ವೂರ್‌ಬರ್ಗ್‌ಗೆ ತಂದು, ಕೋಣೆಯ ಹೀಟರಿನ ಮೇಲೆ ಸೀಳಿ ಹರಡಿ ಒಣಗಿಸಿದೆ. ದಾರಿಯಲ್ಲಿ ಚೀಲದ ಪಟ್ಟಿ ಕಿತ್ತುಹೋಗಿ ಅದು ಪ್ಲಾಟ್‌ಫಾರ್ಮಿಗೆ ಬಿದ್ದಾಗ, ಪಕ್ಕದ ಹೆಂಗಸು “ಪುಸ್ತಕಗಳಾ?” ಎಂದು ಕನಿಕರದಿಂದ ಕೇಳಿದಳು. ಹೌದೆಂದೆ. ಹನ್ನೆರಡು ದಿನ ಒಣಗಿಸಿದೆ. ಹನ್ನೆರಡು ದಿನವೂ ಮಲಗುವ ಮೊದಲು ಆ ಮೊದಲ ಪುಟ ಓದಿದೆ.

ಜನವರಿ ೨೧: ಎರೆದದ್ದು ೪೬, ಸರಿ ಬಂದದ್ದು ೯. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಒಣದ್ರಾಕ್ಷಿಯ ಹಾಗೆ ಸುಕ್ಕಾಗುತ್ತದೆ. ಸೌಟು ಬಗ್ಗಿಸುವಾಗ ಒಂದು ಕ್ಷಣ ತಡೆದರೆ ಒಳಗೆ ಟೊಳ್ಳು ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆ ಟೊಳ್ಳುಗಳನ್ನು ತೂಕದಲ್ಲಿ ಹಿಡಿದಾಗಲೆಲ್ಲ ನನಗೆ ಆ ನಗು ಕೇಳಿಸುತ್ತಿತ್ತು. ‘ಅವಳಿಗೆ ಗೊತ್ತೇ ಆಗ್ಲಿಲ್ಲ.’ ಈಗ ಗೊತ್ತಾಗುತ್ತಿತ್ತು.

ಶೆಡ್ಡಿನಲ್ಲಿ ಇನ್ನೊಂದು ನಿಯಮವಿತ್ತು. ವಿಮಾನ ತಲೆಯ ಮೇಲಿದ್ದಾಗ ಯಾರೂ ಎರೆಯಬಾರದು, ಆ ಸದ್ದಿನಲ್ಲಿ ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಹಾಗಾಗಿ ಐದಾರು ಗುಂಡು ಎರೆಯುವುದು, ಸೌಟು ಕೆಳಗಿಟ್ಟು ವಿಮಾನ ದಾಟುವವರೆಗೆ ಸುಮ್ಮನೆ ನಿಲ್ಲುವುದು, ಮತ್ತೆ ಐದಾರು. ವಿಲೆಮ್ ತಕ್ಕಡಿ ಮುಟ್ಟಿದವರೇ ಅಲ್ಲ. ಎರಡು ಗುಂಡುಗಳನ್ನು ಬೆರಳಲ್ಲಿ ಉರುಳಿಸಿ, ಒಂದಕ್ಕೊಂದು ತಟ್ಟಿ, ಇದು ಸರಿ, ಇದು ಸರಿಯಲ್ಲ ಎನ್ನುತ್ತಿದ್ದರು. ನಾನು ಹಿಂದಿನಿಂದ ತೂಗಿ ನೋಡುತ್ತಿದ್ದೆ. ನೂರರಲ್ಲಿ ತೊಂಬತ್ತು ಸಲ ಅವರೇ ಸರಿ.

ಮಾರ್ಚ್ ೧೭ರ ಪುಟ ನೋಡಿದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಂದು ಬೆಳಿಗ್ಗೆ ಕನ್ನಡದವರ ಗ್ರೂಪಿನಲ್ಲಿ ಪ್ರಶಾಂತಣ್ಣ ತಂಡದ ಜೆರ್ಸಿ ತೊಟ್ಟ ಫೋಟೋ ಹಾಕಿದ್ದರು. ಕೆಳಗೆ ಅರವತ್ತು ಚಪ್ಪಾಳೆ. ನಾನೂ ಒಂದು ಹಾಕಿ, ರೈಲು ಹತ್ತಿದೆ. ಒಂದು ಟೈರ್ ಅಂಗಡಿಯವರು ಚಕ್ರದ ಸಮತೋಲಕ್ಕೆ ಬಡಿಯುವ ತೂಕದ ತುಂಡುಗಳನ್ನು ಒಂದು ಚೀಲ ಪುಕ್ಕಟೆ ಕೊಟ್ಟಿದ್ದರು. ಅವುಗಳಲ್ಲಿ ಸೀಸವೂ ಇರುತ್ತದೆ, ಸತುವೂ ಇರುತ್ತದೆ. ಒಂದೊಂದನ್ನೇ ಉಗುರಿನಿಂದ ಗೀರಿ, ನೆಲಕ್ಕೆ ಬೀಳಿಸಿ ನೋಡಬೇಕು. ಸೀಸ ದೊಪ್ಪೆನ್ನುತ್ತದೆ, ಸತು ಠಣ್ಣೆನ್ನುತ್ತದೆ. ವಿಲೆಮ್ ಹೇಳಿಕೊಟ್ಟಿದ್ದರು, ನಾನು ಬರೆದುಕೊಂಡಿದ್ದೆ. ಅಂದು ಒಂದನ್ನೂ ನೋಡಲಿಲ್ಲ. ಚಾವಣಿ ಸೀಸ ಕರಗಿದ್ದ ಪಾತ್ರೆಗೆ ಚೀಲವನ್ನೇ ಬಗ್ಗಿಸಿ, ಒಲೆಯನ್ನು ಪೂರ್ತಿ ತಿರುಗಿಸಿದೆ.

ವಿಲೆಮ್ ಕಾಫಿ ಮುಗಿಸಿ ಬರುವಷ್ಟರಲ್ಲಿ ಪಾತ್ರೆಯಲ್ಲಿದ್ದದ್ದು ಸೀಸವಲ್ಲ, ರಾಗಿ ಅಂಬಲಿ. ಸೌಟಿಗೆ ಗಂಟುಗಂಟಾಗಿ ಬರುತ್ತಿತ್ತು. ಎರೆದದ್ದು ೩೧, ಸರಿ ಬಂದದ್ದು ೦. ಆ ಡೈರಿಯಲ್ಲಿರುವ ಸೊನ್ನೆ ಅದೊಂದೇ.

ಅವರು ಬೈಯಲಿಲ್ಲ. ಒಲೆ ಆರಿಸಿದರು. “ಸತು ಕರಗಬೇಕಾದರೆ ಸೀಸಕ್ಕಿಂತ ಎಷ್ಟೋ ಹೆಚ್ಚು ಬೆಂಕಿ ಬೇಕು. ಅಷ್ಟು ಬೆಂಕಿ ಯಾರಿಗೆ ಹಾಕಿದ್ದು?”

ಆಗ ಹೇಳಿದೆ, ಮೊದಲಿನಿಂದ ಕೊನೆಯವರೆಗೆ, ಬಡಿಸುವ ಕಿಟಕಿ ಸೇರಿ. ತಲೆಯ ಮೇಲೆ ಮೂರು ವಿಮಾನ ಹೋದವು. ಮೂರು ಸಲವೂ ಅವರು ಕೈ ಎತ್ತಿ ನನ್ನನ್ನು ನಿಲ್ಲಿಸಿ, ಸದ್ದು ದಾಟಿದ ಮೇಲೆ ಮುಂದುವರಿಸು ಎಂದು ಸನ್ನೆ ಮಾಡಿದರು.

“ಹಾಗಾದರೆ ಅವನನ್ನು ಸೋಲಿಸು,” ಎಂದರು ಕೊನೆಗೆ. “ಅದಕ್ಕೆ ಸಣ್ಣ ಬೆಂಕಿ ಸಾಕು.”

ಏಪ್ರಿಲಿನಿಂದ ಚಾವಣಿ ಸೀಸ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಊರಿನಿಂದ ತಂದಿದ್ದ ಕೈಮಗ್ಗದ ಹೊದಿಕೆಯೊಂದನ್ನು ಕತ್ತರಿಸಿ, ಗುಂಡಿಗೆ ಸುತ್ತುವ ಬಟ್ಟೆ ಮಾಡಿಕೊಂಡೆ. ಟ್ಯೂಲಿಪ್ ಹೂವು ಬಂದು ಹೋಯಿತು. ಬೆಳಕು ಉದ್ದವಾಯಿತು. ಜೂನ್ ೧೧: ಎರೆದದ್ದು ೬೦, ಸರಿ ಬಂದದ್ದು ೫೧. ಸರಿಯಾದವುಗಳನ್ನು ತಗಡಿನ ಡಬ್ಬಿಗೆ ತುಂಬಿ, ಎಣಿಕೆ ಬರೆದು, ಅದರ ಮುಂದೆ ‘ಖೆವೋಖೆನ್’ ಎಂದು ಬರೆದು ಚೀಟಿ ಅಂಟಿಸುತ್ತಿದ್ದೆ. ತೂಕ ನೋಡಿದ್ದು ಎಂದು ಅದರ ಅರ್ಥ. ಮೊದಲು ವಿಲೆಮ್ ಒಂದು ಡಬ್ಬಿ ತೆಗೆದುಕೊಂಡು ಹೋದರು, ಆಮೇಲೆ ಅವರ ಗೆಳೆಯರಿಬ್ಬರು. ಆಗಸ್ಟ್ ಹೊತ್ತಿಗೆ ಕ್ಲಬ್ಬಿನ ಏಳು ಮಂದಿ ನನ್ನ ಗುಂಡು ಹೊಡೆಯುತ್ತಿದ್ದರು. ಚೀಟಿ ನೋಡುತ್ತಿದ್ದರು, ಡಬ್ಬಿಯನ್ನು ಜೇಬಿಗೆ ಹಾಕುತ್ತಿದ್ದರು. ಡಬ್ಬಿ ತೆರೆದು ನೋಡಿದವರನ್ನು ನಾನು ಕಾಣೆ.

ಸೆಪ್ಟೆಂಬರಿನ ಮೊದಲ ವಾರ ಅವ್ವ ಫೋನ್ ಮಾಡಿದಳು. ಮನೆಯಲ್ಲಿ ಕೋವಿ ಪೂಜೆ ಮುಗಿದಿತ್ತು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿದ್ದನ್ನು ವಿಡಿಯೋದಲ್ಲಿ ತೋರಿಸಿದಳು. ನಮ್ಮ ಮಾತು ಕೊಡವ ತಕ್ಕಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಎರಡನೇ ಗುಂಡಿಗೇ ಕಾಯಿ ಒಡೆದೆ,” ಎಂದಳು. “ನಿನ್ನದೇನು? ಆ ಮೈಸೂರಿನವನು ಇನ್ನೂ ನಗ್ತಾ ಇದ್ದಾನಾ?”

“ಇನ್ನು ಆರು ವಾರ ನಗ್ತಾರೆ, ಅವ್ವ.”

“ಬಿಟ್ಟುಬಿಡು ಅಂತ ಹೇಳೋ ತಾಯಿ ನಾನಲ್ಲ,” ಎಂದಳು.

ಅಷ್ಟು ಹೊತ್ತಿಗೆ ನನ್ನ ಕೊನೆಯ ಎಂಟು ಅಭ್ಯಾಸದ ಸರಾಸರಿ ೮೬. ಕ್ಲಬ್ಬಿನ ಹಲಗೆಯ ಮೇಲೆ ಪ್ರಶಾಂತಣ್ಣನದು ೭೭. ಸುಮ್ಮನೆ ಹೋಗಿ ಹೊಡೆದಿದ್ದರೂ ಗೆಲ್ಲುತ್ತಿದ್ದೆ. ಇದು ನನಗೆ ಗೊತ್ತಿತ್ತು, ಇದನ್ನು ಮುಚ್ಚಿಡುವುದಿಲ್ಲ. ಸೆಪ್ಟೆಂಬರ್ ೨೪ರ ಅಭ್ಯಾಸ ಮುಗಿಸಿ ಕೋವಿ ಒರೆಸುತ್ತಿದ್ದಾಗ ಅವರು ಬಂದು ಪಕ್ಕದಲ್ಲಿ ಕೂತರು.

“ದೇಚು, ನಿನ್ ಗುಂಡು ಸೂಪರ್ರಂತೆ ಕಣಮ್ಮ! ಆ ಮುದುಕರೆಲ್ಲ ಅದೇ ಮಾತು. ಮ್ಯಾಚಿಗೆ ನಂಗೂ ಒಂದು ಡಬ್ಬಿ ಕೊಡ್ತೀಯಾ? ಈ ವರ್ಷ ಆಫೀಸ್ ಕೆಲ್ಸದಲ್ಲಿ ಎರಕ ಹೊಯ್ಯೋಕೆ ಟೈಮೇ ಸಿಕ್ಕಿಲ್ಲ.”

“ಎಷ್ಟು ಬೇಕಣ್ಣ?”

“ಹದಿಮೂರಿದ್ರೆ ಸಾಕು. ಟ್ರಯಲ್ಲಿಗೆ ನಂದೇ ಹಳೇವು ಇವೆ.”

ಆ ಸಂಖ್ಯೆಯನ್ನು ನಾನು ಹೇಳಲಿಲ್ಲ. ಅವರೇ ಹೇಳಿದರು. ಹತ್ತು ತಿಂಗಳಿಂದ ನನ್ನ ಮೇಜಿನ ಖಾನೆಯಲ್ಲಿ ಆ ಡಬ್ಬಿ ಯಾಕಿದೆ ಎಂದು ನನಗೆ ಆಗ ಗೊತ್ತಾಯಿತು.

“ಆಯ್ತಣ್ಣ. ಮ್ಯಾಚ್ ದಿನ ತಂದುಕೊಡ್ತೀನಿ,” ಎಂದೆ.

ಒಂದು ವರ್ಷದಲ್ಲಿ ಅವು ಬೂದುಬಣ್ಣಕ್ಕೆ ತಿರುಗಿದ್ದವು. ಒಂದು ಶನಿವಾರ ಮಧ್ಯಾಹ್ನ ಪೂರ್ತಿ ಕೂತು, ಒಂದೊಂದನ್ನೂ ಮೇಣ ಹಚ್ಚಿದ ಬಟ್ಟೆಯಲ್ಲಿ ಉಜ್ಜಿ ಹೊಸದರಂತೆ ಹೊಳೆಯಿಸಿದೆ. ಅವುಗಳಿಂದ ಕೋವಿಗಾಗಲಿ ಯಾರಿಗಾಗಲಿ ಅಪಾಯವಿಲ್ಲ ಎಂಬುದನ್ನು ಖಚಿತ ಮಾಡಿಕೊಂಡೆ. ನಾನೇ ಹದಿನೇಳು ಹೊಡೆದಿದ್ದೆನಲ್ಲ. ಟೊಳ್ಳು ಗುಂಡು ದಾರಿ ತಪ್ಪುತ್ತದೆ, ಅಷ್ಟೆ. ಮತ್ತೊಮ್ಮೆ ತೂಗಿದೆ. ನವೆಂಬರಿನ ಅಂಕಿಗಳೇ ಬಂದವು. ನನ್ನ ಡಬ್ಬಿಯೊಂದಕ್ಕೆ ತುಂಬಿ, ಚೀಟಿ ಅಂಟಿಸಿದೆ: ೧೩, ಖೆವೋಖೆನ್.

ಅಕ್ಟೋಬರ್ ೧೪. ಸಣ್ಣ ಮಳೆ, ಗಾಳಿ ಇರಲಿಲ್ಲ. ನನಗೆ ನಾಲ್ಕನೇ ಸಾಲು, ಅವರಿಗೆ ಐದನೆಯದು. ಡಬ್ಬಿ ಕೊಟ್ಟೆ.

“ತೂಕ ನೋಡಿದೀಯ ತಾನೆ?”

“ಒಂದೊಂದನ್ನೂ ನೋಡಿ ಬರೆದಿಟ್ಟಿದೀನಣ್ಣ.”

“ನಿನ್ನನ್ನ ಕಣ್ಣು ಮುಚ್ಚಿಕೊಂಡು ನಂಬಬಹುದಪ್ಪ,” ಎಂದು ನಕ್ಕರು. ಅವರೇ ಎರೆದ ಗುಂಡುಗಳು. ಅಂಗೈಯಲ್ಲಿ ಉರುಳಿಸಿದರು, ಗುರುತು ಹಿಡಿಯಲಿಲ್ಲ.

ಅವರ ಮೊದಲ ಗುಂಡು ಒಂಬತ್ತಕ್ಕೆ ತಾಗಿತು. ಸರಿ ತೂಕದ ಎರಡರಲ್ಲಿ ಒಂದಿರಬೇಕು. ಎರಡನೆಯದು ಎಡಕ್ಕೆ ಹೋಯಿತು. ಮೂರನೆಯದು ಕೆಳಕ್ಕೆ. ಅವರು ದುರ್ಬೀನಿನಲ್ಲಿ ನೋಡಿ ಹುಬ್ಬು ಗಂಟಿಕ್ಕಿದರು. ನಳಿಗೆ ಒರೆಸಿದರು. ಮದ್ದಿನ ಅಳತೆ ಬದಲಿಸಿದರು. ಐದನೆಯದು ಕಾಗದಕ್ಕೇ ತಾಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಹಾಕಿಕೊಂಡರು. ಆ ಕನ್ನಡಕ ಒರೆಸುವುದನ್ನು ನೋಡಲು ನಾನು ಒಂದು ವರ್ಷ ಮೇಣದ ಹೊಗೆ ಕುಡಿದಿದ್ದೆ. ನನ್ನ ಗುಂಡು ತುಂಬುವುದನ್ನು ನಿಲ್ಲಿಸಿ ನೋಡಿದೆ, ಪೂರ್ತಿ ನೋಡಿದೆ. ಆಮೇಲೆ ನನ್ನ ಕೆಲಸಕ್ಕೆ ತಿರುಗಿದೆ.

ನನ್ನದು ೮೯. ಅವರದು ೪೩.

ಹೊರಗೆ ಮಾಡಿನ ಕೆಳಗೆ ವಿಲೆಮ್ ಕಾಫಿ ಹಿಡಿದು ನಿಂತಿದ್ದರು, ನಾನು ಅವರ ಪಕ್ಕಕ್ಕೆ ಹೋದೆ. ಪ್ರಶಾಂತಣ್ಣ ಖಾಲಿ ಡಬ್ಬಿ ಹಿಡಿದು ಬಂದರು.

“ಅದೇನ್ ಗುಂಡು ಕೊಟ್ಟೆ ದೇಚು ನೀನು? ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಆಕಾಶಕ್ಕೆ! ತೂಕ ನೋಡಿದೀನಿ ಅಂದೆ?”

“ನೋಡಿದೀನಣ್ಣ.” ಡೈರಿ ತೆರೆದು ನವೆಂಬರಿನ ಪುಟ ಅವರ ಮುಂದೆ ಹಿಡಿದೆ. “ಇಲ್ಲಿದೆ, ಹದಿಮೂರೂ. ಅವು ನನ್ನವಲ್ಲ, ನಿಮ್ಮವೇ. ಹೋದ ವರ್ಷ ಕೊಟ್ಟ ಮೂವತ್ತರಲ್ಲಿ ಉಳಿದಿದ್ದು. ಕರಗಿಸೋಕೆ ಅಂತ ಎತ್ತಿಟ್ಟಿದ್ದ ಡಬ್ಬಿ.”

ಅವರು ಪುಟ ನೋಡಿದರು, ದಿನಾಂಕ ನೋಡಿದರು. “ಯಾರು ಹೇಳಿದ್ದು ನಿಂಗೆ?”

“ನೀವೇ. ರಾಜ್ಯೋತ್ಸವದ ದಿನ, ಕಿಟಕಿ ಪಕ್ಕ ನಿಂತ್ಕೊಂಡು. ಆಮೇಲೆ ಬಂದು ಇನ್ನೊಂದು ಸೌಟು ಹಾಕು ಅಂದ್ರಿ. ಹಾಕಿದೆ.”

ಅವರ ಕಿವಿಗಳು ಕೆಂಪಾದವು.

“ಬ್ಲಡ್ಡಲ್ಲಿದ್ರೆ ಯಾವ ಗುಂಡಲ್ಲಾದ್ರೂ ಹೊಡೀಬೇಕು ಅಂತಾನೂ ಅಂದಿದ್ರಿ, ಅಣ್ಣ.”

ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಮಳೆಯಲ್ಲೇ ಕಾರಿನ ಕಡೆ ನಡೆದರು. ಅಂದು ನಾನು ಸ್ಟೇಷನ್ನಿಗೆ ಬಸ್ಸಿನಲ್ಲಿ ಹೋದೆ. ಆ ಬಸ್ಸಿನಲ್ಲಿ ಕೂತಷ್ಟು ಸುಖವಾಗಿ ನಾನು ಈ ದೇಶದಲ್ಲಿ ಇನ್ನೆಲ್ಲೂ ಕೂತಿಲ್ಲ.

ಬಸ್ಸಿಗೆ ಮೊದಲು ನಡೆದದ್ದೂ ಡೈರಿಯಲ್ಲಿದೆ. ವಿಲೆಮ್ ಏನಾಯಿತೆಂದು ಕೇಳಿದರು. ಹೇಳಿದೆ. ಅವರು ನಗಬಹುದು ಎಂದುಕೊಂಡಿದ್ದೆ.

“ನಿನ್ನ ಎಂಬತ್ತೊಂಬತ್ತು ಸಾಕಾಗಿತ್ತು,” ಎಂದರು.

“ನನಗೆ ಸಾಕಾಗುತ್ತಿರಲಿಲ್ಲ. ಅವರು ಸೋತರೆ ಸಾಲದು. ಯಾಕೆ ಸೋಲುತ್ತಿದ್ದೇನೆ ಎಂದು ತಿಳಿಯದೆ ಅರ್ಧ ಗಂಟೆ ಅಲ್ಲಿ ನಿಲ್ಲಬೇಕಿತ್ತು.”

ಅವರು ಬೆಂಚಿನ ಮೇಲಿನ ಡಬ್ಬಿ ಎತ್ತಿಕೊಂಡರು. ಹೆಬ್ಬೆರಳಿನಿಂದ ಅದರ ಮೇಲಿನ ಚೀಟಿಯನ್ನು ಸವರಿದರು. “ಗುಂಡು ಅವನದು,” ಎಂದರು. “ಚೀಟಿ ನಿನ್ನದು.”

ಅಷ್ಟೇ. ಕಾಫಿ ಮುಗಿಸಿ, ನನ್ನ ಗೆಲುವಿಗೆ ಕೈಕುಲುಕಿ, ಹೋದರು.

ಪ್ರಶಾಂತಣ್ಣ ಈಗ ಬೇರೆ ಕ್ಲಬ್ಬಿಗೆ ಹೋಗುತ್ತಾರೆಂದು ಕೇಳಿದ್ದೇನೆ. ರಾಜ್ಯೋತ್ಸವದಲ್ಲಿ ಎದುರಾದರೆ ತಲೆಯಾಡಿಸುತ್ತಾರೆ, ನಾನು ಬಡಿಸುವ ಸಾಲಿಗೆ ಬರುವುದಿಲ್ಲ. ನನಗೆ ಬೇಸರವಿಲ್ಲ. ಮತ್ತೆ ಅದೇ ಡಬ್ಬಿ, ಅದೇ ಹದಿಮೂರು ನನ್ನ ಕೈಯಲ್ಲಿದ್ದರೆ ಮತ್ತೆ ಉಜ್ಜಿ ಹೊಳೆಯಿಸುತ್ತೇನೆ.

ಆ ಡೈರಿಯ ಕೊನೆಯ ಬರಹ ಸ್ಪರ್ಧೆಯ ದಿನದ್ದಲ್ಲ, ಮೂರು ವಾರದ ಮೇಲಿನದು. ಅಂದು ವಿಲೆಮ್ ಅವರಿಗೆ ಎಂದಿನಂತೆ ಇಪ್ಪತ್ತು ಗುಂಡಿನ ಡಬ್ಬಿ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಲಿಲ್ಲ. ಚೀಲದಿಂದ ಹೊಸ ತಕ್ಕಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಮೇಲಿನ ಪ್ಲಾಸ್ಟಿಕ್ ಇನ್ನೂ ಕಿತ್ತಿರಲಿಲ್ಲ. ಪ್ಲಾಸ್ಟಿಕ್ ಕಿತ್ತು, ಕನ್ನಡಕ ಹಾಕಿಕೊಂಡು, ನನ್ನ ಗುಂಡುಗಳನ್ನು ಒಂದೊಂದಾಗಿ ಇಟ್ಟು ತೂಗಿದರು. ಉಳಿದ ಆರು ಮಂದಿಯೂ ತಮ್ಮ ಡಬ್ಬಿ ಹಿಡಿದು ಅವರ ಹಿಂದೆ ಕಾಯುತ್ತಿದ್ದರು. ಯಾರ ಮುಖದಲ್ಲೂ ಕೋಪವಿರಲಿಲ್ಲ. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ.

ಇಪ್ಪತ್ತೂ ಸರಿಯಾಗಿದ್ದವು. ಅದನ್ನು ಬರೆದುಕೊಂಡೆ.